ಬೆರೆಜಿನಾ ನದಿಯ ದಡದಲ್ಲಿ

(ಕೂಟದ ಚಳಿಗಾಲದ ಉಪನ್ಯಾಸ ಕಾರ್ಯಕ್ರಮದಲ್ಲಿ ಅತಿಥಿ ವೈದ್ಯರು ಮಾಡಿದ ಭಾಷಣದ ಪೂರ್ಣ ಪಾಠ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಅವರು ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲ್‌ಗಳ ವಿಷಯ ಮಾತನಾಡಿ, ಅನಂತರ ಬಡಿಸಲಿರುವ ಹೋಳಿಗೆಯ ಮೇಲೆ ಸಭಿಕರಿಗೆ ಅಂಜಿಕೆ ಹುಟ್ಟಿಸಿ ಹೋಗುವುದು ವಾಡಿಕೆ. ಇಂದು ಆ ಪಾಪಕ್ಕೆ ನಾವು ಕೈಹಾಕುವುದಿಲ್ಲ. ಇತಿಹಾಸ ನಮ್ಮ ವೃತ್ತಿಯಲ್ಲ, ಹವ್ಯಾಸ. ಆ ಹವ್ಯಾಸದ ಹಾದಿಯಲ್ಲಿ ಹಲವು ವರ್ಷಗಳಿಂದ ನಮ್ಮನ್ನು ಬಿಡದೆ ಕಾಡಿರುವ ಕಾಳಗವೊಂದರ ಕಥೆಯನ್ನು ತಮ್ಮ ಮುಂದಿಡಬೇಕೆಂದು ಬಂದಿದ್ದೇವೆ. ಇದು ಗೆಲ್ಲಲು ಹೊರಟ ಸೇನೆಯ ಕಾಳಗವಲ್ಲ. ಸೋತು ಹಿಂದಿರುಗುತ್ತಿದ್ದ ಸೇನೆಯೊಂದು, ಅಳಿದುಳಿದವರನ್ನಾದರೂ ಪಾರುಗಾಣಿಸಲೆಂದು ನದಿಯೊಂದರ ದಡದಲ್ಲಿ ನಿಂತು ಮಾಡಿದ ಕಾಳಗ. ನದಿಯ ಹೆಸರು ಬೆರೆಜಿನಾ. ಅದು ಇಂದಿನ ಬೆಲಾರುಸ್ ದೇಶದಲ್ಲಿದೆ. ಕಾಲ 1812ರ ನವೆಂಬರ್ 26ರಿಂದ 29. ಸೇನೆ ನೆಪೋಲಿಯನ್ ಬೋನಪಾರ್ಟೆಯದು.

ನೆಪೋಲಿಯನ್ ನಮ್ಮ ನಾಡಿಗೆ ತೀರ ಅಪರಿಚಿತನಲ್ಲ. 1799ರಲ್ಲಿ ಅವನು ಈಜಿಪ್ಟಿನಿಂದ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನಿಗೆ ಬರೆದ ಪತ್ರ ದಾರಿಯಲ್ಲೇ ಬ್ರಿಟಿಷರ ಕೈಸೇರಿತು. ಅದೇ ವರ್ಷದ ಮೇ ತಿಂಗಳಲ್ಲಿ ಟಿಪ್ಪು ಕೋಟೆಯಲ್ಲಿ ಮಡಿದನು. ಹದಿಮೂರು ವರ್ಷಗಳ ತರುವಾಯ ಯೂರೋಪಿನ ಬಹುಭಾಗದ ಒಡೆಯನಾಗಿದ್ದ ಅದೇ ನೆಪೋಲಿಯನ್, 1812ರ ಜೂನ್ 24ರಂದು ನೀಮನ್ ನದಿಯನ್ನು ದಾಟಿ ರಷ್ಯದ ಮೇಲೆ ದಂಡೆತ್ತಿ ಹೋದನು. ಸೆಪ್ಟೆಂಬರ್ 7ರಂದು ಬೊರೊಡಿನೋದಲ್ಲಿ ಘನಘೋರ ಯುದ್ಧವಾಯಿತು. 14ರಂದು ಅವನು ಮಾಸ್ಕೋ ಹೊಕ್ಕನು. ನಗರ ಹೊತ್ತಿ ಉರಿಯಿತು, ಸಂಧಿಗೆ ಯಾರೂ ಬರಲಿಲ್ಲ. ಅಕ್ಟೋಬರ್ 19ರಂದು ಹಿಂದಿರುಗುವ ಪಯಣ ಆರಂಭವಾಯಿತು.

ಫ್ರಾನ್ಸಿನ ಇಂಜಿನಿಯರ್ ಚಾರ್ಲ್ಸ್ ಮಿನಾರ್ 1869ರಲ್ಲಿ ಈ ದಂಡಯಾತ್ರೆಯನ್ನು ಒಂದೇ ಹಾಳೆಯ ನಕಾಶೆಯಾಗಿ ಬರೆದನು. ಸೇನೆಯನ್ನು ಸೂಚಿಸುವ ಪಟ್ಟಿ ಹೋಗುವಾಗ ಅಗಲವಾಗಿದ್ದು, ಬರುವಾಗ ದಾರದಷ್ಟು ತೆಳುವಾಗುತ್ತದೆ. ಹೊರಟವರು 4,22,000; ಮಾಸ್ಕೋ ಮುಟ್ಟಿದವರು 1,00,000; ಹಿಂದಿರುಗಿ ನೀಮನ್ ಸೇರಿದವರು 10,000. ನಡುವೆ ಬೆರೆಜಿನಾ ನದಿಯ ಬಳಿ ಆ ಪಟ್ಟಿ ಥಟ್ಟನೆ ಕತ್ತರಿಸಿದಂತೆ ಸಣ್ಣದಾಗುತ್ತದೆ: ಆಚೆ ದಡದಲ್ಲಿ 50,000, ಈಚೆ ದಡದಲ್ಲಿ 28,000. ವಿದ್ವಾಂಸರ ಲೆಕ್ಕಗಳಲ್ಲಿ ವ್ಯತ್ಯಾಸವಿದೆಯಾದರೂ ಚಿತ್ರದ ತಾತ್ಪರ್ಯ ಬದಲಾಗುವುದಿಲ್ಲ. ಆ ಎರಡು ಅಂಕಿಗಳ ನಡುವೆ ಏನಾಯಿತೆಂಬುದೇ ನಮ್ಮ ಇಂದಿನ ವಿಷಯ.

ನವೆಂಬರ್ ಮೂರನೆಯ ವಾರದಲ್ಲಿ ಸೇನೆ ಓರ್ಷಾ ಎಂಬ ಊರು ತಲುಪಿತ್ತು. ಕುದುರೆಗಳು ಮೇವಿಲ್ಲದೆ ಸಾಯುತ್ತಿದ್ದವು. ಸೇತುವೆಗೆ ಬೇಕಾಗುವ ದೋಣಿಗಳನ್ನು ಎಳೆಯುವ ಕುದುರೆಗಳನ್ನು ಫಿರಂಗಿಗಳಿಗೆ ಕಟ್ಟೋಣವೆಂದು ನೆಪೋಲಿಯನ್ ಆ ದೋಣಿಗಳನ್ನೆಲ್ಲ ಸುಡಿಸಿದನು. ಮುಂದೆ ಬೊರಿಸೊವ್ ಪಟ್ಟಣದಲ್ಲಿ ಬೆರೆಜಿನಾ ನದಿಗೆ ಸೇತುವೆ ಇದ್ದೇ ಇದೆ, ಅದು ನಮ್ಮ ವಶದಲ್ಲೇ ಇದೆ, ಎಂಬುದು ಅವನ ಎಣಿಕೆ. ಸೇತುವೆ ಕಟ್ಟುವ ಪಡೆಯ ಮುಖ್ಯಸ್ಥ ಜನರಲ್ ಎಬ್ಲೆಗೆ ಈ ಆಜ್ಞೆ ಒಪ್ಪಿಗೆಯಾಗಲಿಲ್ಲ. ಆಜ್ಞೆಯನ್ನು ಮೀರುವಂತಿಲ್ಲ. ಆದರೂ ಅವನು ಎರಡು ಸಂಚಾರಿ ಕುಲುಮೆಗಳನ್ನೂ, ಎರಡು ಗಾಡಿ ಇದ್ದಲನ್ನೂ, ಆರು ಗಾಡಿ ಉಪಕರಣಗಳನ್ನೂ ಉಳಿಸಿಕೊಂಡನು. ಇದಕ್ಕೂ ಮೊದಲೇ, ಸ್ಮೊಲೆನ್ಸ್ಕ್‌ನಲ್ಲಿ, ತನ್ನ ಪಡೆಯ ಒಬ್ಬೊಬ್ಬನ ಕೈಗೂ ಒಂದೊಂದು ಉಪಕರಣ, ಕೆಲವು ಮೊಳೆ, ಕೆಲವು ಕಬ್ಬಿಣದ ಕೊಂಡಿಗಳನ್ನು ಹೊರಿಸಿದ್ದನು. ಹಸಿದು ನಡೆಯುವವನಿಗೆ ಮೊಳೆಯ ಭಾರವೂ ಭಾರವೇ. ಎಬ್ಲೆಗೆ ಆಗ ಐವತ್ತಮೂರು ವರ್ಷ. ಆ ವಯಸ್ಸಿನ ಆಸುಪಾಸಿನಲ್ಲಿರುವ ನಮಗೆ ಅವನ ಮೇಲೆ ಇರುವ ಆದರಕ್ಕೆ ಇದೂ ಒಂದು ಕಾರಣವಿದ್ದೀತು.

ಎಬ್ಲೆಯ ಮುಂದಾಲೋಚನೆ ನಿಜವಾಯಿತು. ನವೆಂಬರ್ 21ರಂದು ರಷ್ಯದ ಅಡ್ಮಿರಲ್ ಚಿಚಗೋವನ ಪಡೆ ಬೊರಿಸೊವ್ ಸೇತುವೆಯನ್ನು ಹಿಡಿಯಿತು. ಎರಡು ದಿನದ ಬಳಿಕ ಮಾರ್ಷಲ್ ಊದಿನೋ ಪಟ್ಟಣವನ್ನು ಮರಳಿ ಗೆದ್ದನಾದರೂ, ರಷ್ಯನ್ನರು ಹಿಮ್ಮೆಟ್ಟುವಾಗ ಸೇತುವೆಗೆ ಬೆಂಕಿಯಿಟ್ಟರು. ಮುಂದೆ, ಪಶ್ಚಿಮ ದಡದಲ್ಲಿ, ಚಿಚಗೋವ್, ಉತ್ತರದಿಂದ ಇಳಿದು ಬರುತ್ತಿರುವ ವಿಟ್ಗೆನ್‌ಸ್ಟೈನ್, ಬೆನ್ನಹಿಂದೆ ಕುಟುಜೋವ್. ನಡುವೆ ನದಿ. ಆ ವಾರ ಚಳಿ ಸ್ವಲ್ಪ ಸಡಿಲಿ ನದಿಯ ಹಿಮ ಒಡೆದಿತ್ತು. ಇಡೀ ಯಾತ್ರೆಯಲ್ಲಿ ಕೊಂದ ಚಳಿ, ಬೇಕಾದ ದಿನ ಕೈಕೊಟ್ಟಿತು. ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ ನಡೆದೇ ದಾಟಬಹುದಾಗಿದ್ದ ನದಿ, ಹಿಮದ ಹಲಗೆಗಳನ್ನು ತೇಲಿಸುತ್ತ ಹರಿಯುತ್ತಿತ್ತು.

ಜನರಲ್ ಕೊರ್ಬಿನೋ ಎಂಬ ಅಶ್ವದಳದ ಅಧಿಕಾರಿಗೆ, ಒದ್ದೆಯಾದ ಕುದುರೆಯೊಡನೆ ಬಂದ ರೈತನೊಬ್ಬನಿಂದ ಬೊರಿಸೊವ್‌ಗೆ ಉತ್ತರದಲ್ಲಿ ಸ್ಟುಡಿಯಾಂಕಾ ಎಂಬ ಹಳ್ಳಿಯ ಬಳಿ ಹಾಯಬಹುದಾದ ಕಡವು ಇದೆಯೆಂದು ತಿಳಿದಿತ್ತು. ನೆಪೋಲಿಯನ್ ದಕ್ಷಿಣದಲ್ಲಿ ಸೇತುವೆ ಕಟ್ಟುವ ನಟನೆ ಮಾಡಿಸಿದನು. ಚಿಚಗೋವ್ ಅದನ್ನು ನಂಬಿ ತನ್ನ ಪಡೆಯನ್ನು ದಕ್ಷಿಣಕ್ಕೆ ಸರಿಸಿದನು. ಇತ್ತ ನವೆಂಬರ್ 25ರ ಸಂಜೆ ಎಬ್ಲೆ ತನ್ನ ಸುಮಾರು ನಾನೂರು ಜನರೊಡನೆ ಸ್ಟುಡಿಯಾಂಕಾ ಮುಟ್ಟಿದನು. ಅವರಲ್ಲಿ ಹಲವರು ಡಚ್ಚರು. ಹಳ್ಳಿಯ ಮರದ ಮನೆಗಳನ್ನು ಕಿತ್ತು ತೊಲೆ ಹಲಗೆಗಳನ್ನು ಮಾಡಿದರು. ಕುಲುಮೆಗಳಲ್ಲಿ ರಾತ್ರಿಯೆಲ್ಲ ಕೊಂಡಿಗಳನ್ನು ಕಾಯಿಸಿ ಬಡಿದರು.

26ರ ಬೆಳಿಗ್ಗೆ ಎಂಟು ಗಂಟೆಗೆ ಅವರು ನೀರಿಗಿಳಿದರು. ಸುಮಾರು ನೂರು ಮೀಟರ್ ಅಗಲದ ನದಿ. ನೀರು ಎದೆಯವರೆಗೆ, ಕೆಲವೆಡೆ ಭುಜದವರೆಗೆ. ಮರದ ಕಾಲುಗಳ ಚೌಕಟ್ಟುಗಳನ್ನು ಒಂದೊಂದಾಗಿ ಕೆಸರಿನ ತಳದಲ್ಲಿ ನಿಲ್ಲಿಸಿ, ತೇಲಿಬರುವ ಹಿಮವನ್ನು ಕೈಯಿಂದಲೇ ಅತ್ತ ತಳ್ಳುತ್ತ, ಮಧ್ಯಾಹ್ನ ಒಂದು ಗಂಟೆಗೆ ಕಾಲಾಳುಗಳ ಸೇತುವೆಯನ್ನೂ, ಸಂಜೆ ನಾಲ್ಕಕ್ಕೆ ಫಿರಂಗಿ ಗಾಡಿಗಳ ಸೇತುವೆಯನ್ನೂ ಮುಗಿಸಿದರು. ಗಾಡಿಗಳ ಸೇತುವೆ ಭಾರ ತಾಳದೆ ಅಂದು ರಾತ್ರಿ ಎಂಟಕ್ಕೆ ಕುಸಿಯಿತು. ನಡುರಾತ್ರಿ ಕಳೆದು ಎರಡು ಗಂಟೆಗೆ ಮತ್ತೊಮ್ಮೆ. ಮರುದಿನ ಸಂಜೆ ನಾಲ್ಕಕ್ಕೆ ಇನ್ನೊಮ್ಮೆ. ಪ್ರತಿ ಸಲವೂ ಬೆಂಕಿಯ ಬಳಿ ಮಲಗಿದ್ದ ಆ ಜನರನ್ನು ಎಬ್ಬಿಸಿ ಮತ್ತೆ ನೀರಿಗೆ ಇಳಿಸಬೇಕಾಯಿತು. ಎಬ್ಲೆ ಆಜ್ಞೆಯಿಂದ ಎಬ್ಬಿಸಲಿಲ್ಲವಂತೆ, ಬೇಡಿಕೊಂಡು ಎಬ್ಬಿಸಿದನಂತೆ. ತಾನೂ ಅವರೊಡನೆ ನೀರಿಗಿಳಿದನಂತೆ.

27ರ ಮಧ್ಯಾಹ್ನ ನೆಪೋಲಿಯನ್ ತನ್ನ ಅಂಗರಕ್ಷಕ ಪಡೆಯೊಡನೆ ದಾಟಿದನು. ಪೂರ್ವ ದಡವನ್ನು ಕಾಯುವ ಹೊಣೆ ಮಾರ್ಷಲ್ ವಿಕ್ಟರನ ಹಿಂಗಾವಲು ದಳಕ್ಕೆ ಬಂದಿತು. ಆ ರಾತ್ರಿಯೇ ಅವನ ಒಂದು ಇಡೀ ವಿಭಾಗ ಬೊರಿಸೊವ್ ಕಡೆಯಿಂದ ಬರುವಾಗ ದಾರಿ ತಪ್ಪಿ ಶತ್ರುವಿಗೆ ಸೆರೆಸಿಕ್ಕಿತು. 28ರಂದು ಎರಡೂ ದಡಗಳಲ್ಲಿ ಕಾಳಗ. ಪಶ್ಚಿಮದಲ್ಲಿ, ಮೋಸ ಅರಿತು ಮರಳಿದ ಚಿಚಗೋವನನ್ನು ಊದಿನೋ ತಡೆದನು. ಅವನು ಗಾಯಗೊಂಡು ಬೀಳಲು ಮಾರ್ಷಲ್ ನೇಯ್ ಮುಂದಾಳಾದನು. ಅಲ್ಲಿ ನಾಲ್ಕು ಸ್ವಿಸ್ ರೆಜಿಮೆಂಟುಗಳು, ತೋಟಾ ತೀರಿದ ಮೇಲೆ ಬಂದೂಕಿನ ತುದಿಯ ಬಾಕುಗಳನ್ನೇ ನೆಚ್ಚಿ ಕತ್ತಲಾಗುವವರೆಗೆ ಜಾಗ ಬಿಡಲಿಲ್ಲ. ಪೂರ್ವದಲ್ಲಿ ವಿಕ್ಟರನ ಕೈಕೆಳಗಿದ್ದವರು ಬಾಡೆನ್, ಹೆಸ್ಸೆ, ಬೆರ್ಗ್ ಮುಂತಾದ ಜರ್ಮನ್ ಸಂಸ್ಥಾನಗಳವರು ಮತ್ತು ಪೋಲರು. ಬಾಡೆನ್ ದಳದ ನಾಯಕ ವಿಲ್ಹೆಲ್ಮ್‌ಗೆ ಆಗ ಇಪ್ಪತ್ತೇ ವರ್ಷ. ತಮಗಿಂತ ಎಷ್ಟೋ ಹೆಚ್ಚು ಸಂಖ್ಯೆಯ ವಿಟ್ಗೆನ್‌ಸ್ಟೈನನ ಸೇನೆಯನ್ನು ಅವರು ದಿನವಿಡೀ ತಡೆದರು. ಸಾಲು ಮುರಿಯುವ ಹೊತ್ತಿಗೆ ಬಾಡೆನ್ ಮತ್ತು ಹೆಸ್ಸೆಯ ಕೆಲವೇ ನೂರು ಸವಾರರು ಎದುರಾಳಿಗಳ ನಡುವೆ ನುಗ್ಗಿ, ತಾವು ಬಹುತೇಕ ನಾಶವಾಗಿ, ಸಾಲನ್ನು ಉಳಿಸಿದರು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಈ ಸ್ವಿಸ್ಸರಿಗೆ, ಡಚ್ಚರಿಗೆ, ಬಾಡೆನ್ನಿನ ರೈತರ ಮಕ್ಕಳಿಗೆ ರಷ್ಯದ ಮೇಲೆ ಯಾವ ಹಗೆಯೂ ಇರಲಿಲ್ಲ. ಅವರು ಕಾದಿದ್ದು ಅನ್ಯಾಯದ ದಂಡಯಾತ್ರೆಯೊಂದರಲ್ಲಿ. ರಷ್ಯನ್ನರು ತಮ್ಮ ಮನೆಮಠಗಳನ್ನು ಕಾಪಾಡಿಕೊಳ್ಳುತ್ತಿದ್ದರು. ಧರ್ಮ ಅವರ ಕಡೆಗಿತ್ತು. ಸ್ಟುಡಿಯಾಂಕಾದ ಹಳ್ಳಿಗರು ಚಳಿಗಾಲದ ನಡುವೆ ತಮ್ಮ ಮನೆಗಳನ್ನೇ ಕಳೆದುಕೊಂಡರೆಂಬುದನ್ನೂ ನಾವು ಮರೆಯಲಾಗದು. ಆದರೂ ಆ ದಿನ ಆ ಸೈನಿಕರು ಗೆಲುವಿಗಾಗಿ ಕಾದಲಿಲ್ಲ. ಗೆಲುವು ಎಂದೋ ಕೈಬಿಟ್ಟು ಹೋಗಿತ್ತು. ಹಿಂದೆ ಇರುವವರು ಸೇತುವೆ ದಾಟಲೆಂದು, ಅಷ್ಟೇ ಹೊತ್ತಿಗಾಗಿ, ನಿಂತಿದ್ದರು. ನಮ್ಮ ಹಳ್ಳಿಗಳ ವೀರಗಲ್ಲುಗಳಲ್ಲಿ ರಾಜ್ಯ ಗೆದ್ದವರಿಗಿಂತ ಹೆಚ್ಚಾಗಿ ತುರುಗಳನ್ನು ಬಿಡಿಸಲು ಹೋಗಿ, ಊರನ್ನು ಕಾಯಲು ನಿಂತು ಮಡಿದವರ ಕಥೆಗಳಿವೆ. ಕಲ್ಲು ನೆಡಿಸಿದ ನಮ್ಮ ಪೂರ್ವಿಕರಿಗೆ ಈ ಬಗೆಯ ಕಾಳಗದ ಬೆಲೆ ತಿಳಿದಿತ್ತು.

ಈಗ ಈ ಕಥೆಯ ಅತ್ಯಂತ ದಾರುಣವಾದ ಭಾಗ. ಸೇನೆಯ ಹಿಂದೆ, ದಳ ತಪ್ಪಿದ, ಆಯುಧ ಎಸೆದ ಸೈನಿಕರು, ಗಾಯಾಳುಗಳು, ಹೆಂಗಸರು, ಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬರುತ್ತಿದ್ದರು. 28ರ ಹಗಲು ರಷ್ಯದ ಗುಂಡುಗಳು ಬೀಳತೊಡಗಿದಾಗ ಇವರೆಲ್ಲ ಒಮ್ಮೆಗೇ ಸೇತುವೆಗೆ ನುಗ್ಗಿದರು. ತುಳಿತಕ್ಕೆ ಸಿಕ್ಕಿ, ನೀರಿಗೆ ಬಿದ್ದು ಸತ್ತವರಿಗೆ ಲೆಕ್ಕವಿಲ್ಲ. ಕತ್ತಲಾಗಿ ಗುಂಡು ನಿಂತಿತು. ಎಬ್ಲೆಯ ಜನ ಹೆಣಗಳನ್ನೂ ಮುರಿದ ಗಾಡಿಗಳನ್ನೂ ಸರಿಸಿ ದಾರಿ ಮಾಡಲು, ರಾತ್ರಿ ಒಂಬತ್ತರಿಂದ ಒಂದು ಗಂಟೆಯವರೆಗೆ ವಿಕ್ಟರನ ದಳ ದಾಟಿತು. ಆಮೇಲೆ ಸೇತುವೆಗಳು ಬರಿದಾದವು. ತಳ್ಳಾಟವಿಲ್ಲ, ಗುಂಡಿಲ್ಲ. ನಡೆದರೆ ಕೆಲವೇ ನಿಮಿಷದ ದಾರಿ. ಆದರೆ ಸಾವಿರಾರು ಜನ ಪೂರ್ವ ದಡದಲ್ಲಿ, ಬೆಂಕಿಗಳ ಸುತ್ತ, ಕುಳಿತೇ ಇದ್ದರು. ಏಳಿರೆಂದು ಎಬ್ಲೆ ಕೂಗಿಸಿದನು, ಬೇಡಿದನು, ಹೆದರಿಸಿದನು. ಅವರ ಗಾಡಿಗಳಿಗೆ ಬೆಂಕಿಯನ್ನೂ ಇಡಿಸಿದನು. ಹೆಚ್ಚಿನವರು ಏಳಲಿಲ್ಲ.

ಬೆಳಿಗ್ಗೆ ಏಳಕ್ಕೆ ಸೇತುವೆಗಳನ್ನು ಸುಡಬೇಕೆಂದು ಆಜ್ಞೆಯಿತ್ತು. ಎಬ್ಲೆ ಎಂಟೂವರೆಯವರೆಗೆ ಕಾದನು. ರಷ್ಯನ್ನರು ಹತ್ತಿರಾದಾಗ ಬೇರೆ ದಾರಿಯಿಲ್ಲದೆ ಬೆಂಕಿ ಹಚ್ಚಿದನು. ಆಗ, ಆಗ ಮಾತ್ರ, ಆ ಜನಕ್ಕೆ ಎಚ್ಚರವಾಯಿತು. ಉರಿಯುವ ಸೇತುವೆಯ ಮೇಲೆ ಓಡಿದರು, ಹಿಮದ ನೀರಿಗೆ ಹಾರಿದರು. ಉಳಿದವರನ್ನು ಕೊಸಾಕ್ ಸವಾರರು ಸುತ್ತುವರಿದರು.

ತೆರೆದ ಸೇತುವೆಯನ್ನು ಇಡೀ ರಾತ್ರಿ ಅವರು ಏಕೆ ದಾಟಲಿಲ್ಲ? ಹಳೆಯ ಗ್ರಂಥಗಳಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ಶಿಸ್ತು ಹೋಯಿತು, ಬುದ್ಧಿಗೆ ಮಂಕು ಕವಿಯಿತು, ಸೋಮಾರಿಗಳಾದರು. ಎಂ.ಬಿ.ಬಿ.ಎಸ್. ಓದುವಾಗ ನಾವೂ ಇದನ್ನೇ ನಂಬಿದ್ದೆವು. ಈ ನಂಬಿಕೆ ಕಳಚಿದ್ದು ಗ್ರಂಥಾಲಯದಲ್ಲಲ್ಲ, ಈ ದೇಶದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ.

ಅದು ರೆಸಿಡೆನ್ಸಿಯ ನಮ್ಮ ಮೊದಲ ಚಳಿಗಾಲ. ಅಲ್ಲಿಯವರೆಗೆ ನಾವು ಕಂಡ ಚಳಿಯೆಂದರೆ ಮಾಘ ಮಾಸದ ಮುಂಜಾವು. ಅಜ್ಜಿ ಹೊದಿಸುತ್ತಿದ್ದ ಕಂಬಳಿ. ಒಂದು ರಾತ್ರಿ ಅಂಬ್ಯುಲೆನ್ಸಿನವರು ವೃದ್ಧರೊಬ್ಬರನ್ನು ಕರೆತಂದರು. ಬೀದಿಯ ಬದಿಯಲ್ಲಿ, ಮೇಲಂಗಿಯನ್ನು ಬಿಚ್ಚಿ ಪಕ್ಕಕ್ಕಿಟ್ಟು, ಹಿಮದ ಮೇಲೆ ಕುಳಿತಿದ್ದರಂತೆ. ಮಾತು ತೊದಲುತ್ತಿತ್ತು. “ನನಗೇನೂ ಆಗಿಲ್ಲ, ನನ್ನ ಪಾಡಿಗೆ ನನ್ನನ್ನು ಬಿಟ್ಟುಬಿಡಿ” ಎಂದಷ್ಟೇ ಹೇಳುತ್ತಿದ್ದರು. ನಡುಕವಿರಲಿಲ್ಲ. ಕುಡಿದಿದ್ದಾರೆಂದು ತೀರ್ಮಾನಿಸಿದೆವು. ಸಾಮಾನ್ಯ ಥರ್ಮಾಮೀಟರಿನಲ್ಲಿ ತಾಪ ಸರಿಯಾಗಿ ಏರಲೇ ಇಲ್ಲ, ಉಪಕರಣ ಕೆಟ್ಟಿದೆಯೆಂದುಕೊಂಡೆವು. ಅವರನ್ನು ಒಂದು ಮೂಲೆಯ ಮಂಚದಲ್ಲಿ ಮಲಗಿಸಿ ಬೇರೆ ರೋಗಿಗಳ ಕಡೆ ಹೋದೆವು. ಮುಕ್ಕಾಲು ಗಂಟೆಯ ಬಳಿಕ ಹಿರಿಯ ನರ್ಸ್ ಒಬ್ಬರು ಅವರ ಹೊಟ್ಟೆಯ ಮೇಲೆ ಅಂಗೈಯಿಟ್ಟು ನೋಡಿ ನಮ್ಮನ್ನು ಕೂಗಿದರು. ಕಡಿಮೆ ತಾಪವನ್ನೂ ಅಳೆಯಬಲ್ಲ ಮಾಪಕ ತಂದು ನೋಡಿದಾಗ 30 ಡಿಗ್ರಿ ಸೆಲ್ಸಿಯಸ್ ಇತ್ತು. ರಕ್ತದಲ್ಲಿ ಮದ್ಯದ ಸುಳಿವೇ ಇರಲಿಲ್ಲ. ಅವರು ಬದುಕಿಕೊಂಡರು, ಅದು ಆ ನರ್ಸಿನ ಪುಣ್ಯ, ನಮ್ಮ ಜಾಣತನವಲ್ಲ. ಆ ಮುಕ್ಕಾಲು ಗಂಟೆ ಇಂದಿಗೂ ನಮ್ಮ ಲೆಕ್ಕದಲ್ಲಿ ಉಳಿದಿದೆ.

ದೇಹದ ತಾಪ 35 ಡಿಗ್ರಿಗಿಂತ, ಎಂದರೆ 95 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಮೊದಲು ಜೋರಾಗಿ ನಡುಕ ಬರುತ್ತದೆ. ನಡುಕ ದೇಹ ತಾನೇ ಕಾವು ಹುಟ್ಟಿಸಿಕೊಳ್ಳುವ ಉಪಾಯ. ಸುಮಾರು 32ಕ್ಕಿಂತ ಕೆಳಗಿಳಿದಾಗ ಆ ನಡುಕ ಕ್ಷೀಣಿಸಿ ನಿಲ್ಲುತ್ತದೆ. ಮಿದುಳು ನಿಧಾನವಾಗುತ್ತದೆ. ನೋವಿಲ್ಲ, ಭಯವಿಲ್ಲ, ಅವಸರವಿಲ್ಲ. ಕೆಲವರಿಗೆ ಮೈ ಬಿಸಿಯೇರಿದಂತೆ ಭಾಸವಾಗಿ ಬಟ್ಟೆ ಕಿತ್ತೆಸೆಯುತ್ತಾರೆ. ಏಳಬೇಕೆಂಬ ಇಚ್ಛೆಯೇ ಆರಿಹೋಗುತ್ತದೆ. ಮಿನಾರನ ನಕಾಶೆಯಲ್ಲಿ ನವೆಂಬರ್ 28ರ ತಾಪಮಾನ ರೋಮ್ಯೂರ್ ಮಾಪಕದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಸೆಲ್ಸಿಯಸ್ ಲೆಕ್ಕದಲ್ಲಿ ಸೊನ್ನೆಗಿಂತ 25 ಕೆಳಗೆ. ವಾರಗಟ್ಟಲೆ ಉಣ್ಣದ ಜನ. ಮೈಯಲ್ಲಿ ಸುಡಲು ಕೊಬ್ಬಿಲ್ಲ. ಇದರ ಮೇಲೆ ಹೇನು. ಲಿಥುವೇನಿಯದ ವಿಲ್ನಿಯಸ್‌ನಲ್ಲಿ 2001ರಲ್ಲಿ ಈ ಸೇನೆಯ ಸಾವಿರಾರು ಸೈನಿಕರ ಸಾಮೂಹಿಕ ಸಮಾಧಿ ದೊರೆಯಿತು. ಅವರ ಹಲ್ಲುಗಳ ತಿರುಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2006ರಲ್ಲಿ ಟೈಫಸ್ ಮತ್ತು ಕಂದಕ ಜ್ವರದ ರೋಗಾಣುಗಳ ಗುರುತನ್ನು ಪ್ರಕಟಿಸಿದರು. 2025ರ ಅಧ್ಯಯನ ಪ್ಯಾರಾಟೈಫಾಯ್ಡ್ ಮತ್ತು ಹೇನಿನಿಂದ ಹರಡುವ ಮರುಕಳಿಸುವ ಜ್ವರದ ಗುರುತುಗಳನ್ನು ಕಂಡಿತು. ಬೆರೆಜಿನಾ ದಡದಲ್ಲಿ ಬೆಂಕಿಯ ಸುತ್ತ ಕುಳಿತಿದ್ದವರು ಸೋಮಾರಿಗಳಲ್ಲ, ರೋಗಿಗಳು. ಕೂಗಿ ಹೇಳಿದರೆ ಏಳುವ ಸ್ಥಿತಿಯನ್ನು ಅವರು ದಾಟಿದ್ದರು. ಕೈಹಿಡಿದು ಎಬ್ಬಿಸಿ ನಡೆಸಬೇಕಾಗಿತ್ತು. ಅಷ್ಟು ಕೈಗಳು ಉಳಿದಿರಲಿಲ್ಲ.

ಆ ಸೇನೆಯ ಮುಖ್ಯ ಶಸ್ತ್ರವೈದ್ಯ ಡೊಮಿನಿಕ್ ಲಾರೆ ಇದನ್ನು ಕಣ್ಣಾರೆ ಕಂಡವನು. ಗಾಯಾಳುಗಳನ್ನು ರಣರಂಗದಿಂದಲೇ ಬೇಗ ಸಾಗಿಸುವ ಗಾಡಿಗಳನ್ನು ಬಳಕೆಗೆ ತಂದವನು ಅವನೇ. ಪದವಿ ನೋಡದೆ ಗಾಯದ ತೀವ್ರತೆ ನೋಡಿ ಚಿಕಿತ್ಸೆ ಮಾಡಬೇಕೆಂಬುದು ಅವನ ನಿಯಮ. ಅವನು ಅಂಗಿಯ ಗುಂಡಿಗೆ ಥರ್ಮಾಮೀಟರ್ ತೂಗುಹಾಕಿಕೊಂಡು ನಡೆದನು. ಮರಗಟ್ಟಿದ ಕೈಕಾಲುಗಳನ್ನು ಬೆಂಕಿಗೆ ಒಡ್ಡಿ, ಮತ್ತೆ ಚಳಿಗೆ ನಡೆದವರ ಅಂಗಗಳು ಕೊಳೆಯುವುದನ್ನು ಅವನು ಸರಿಯಾಗಿ ಗುರುತಿಸಿದನು. ಹಿಮದಿಂದ ಉಜ್ಜಬೇಕೆಂಬ ಅವನ ಸಲಹೆ ಮಾತ್ರ ತಪ್ಪು. ಇಂದು ನಾವು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದುತ್ತೇವೆ, ಉಜ್ಜುವುದೇ ಇಲ್ಲ. ಬೆರೆಜಿನಾ ದಾಟಿದ ಮೇಲೆ ಶಸ್ತ್ರಚಿಕಿತ್ಸೆಯ ಉಪಕರಣಗಳಿಗಾಗಿ ಲಾರೆ ಮರಳಿ ಪೂರ್ವ ದಡಕ್ಕೆ ಹೋದನು. ಹಿಂದಿರುಗುವಾಗ ತುಳಿತದಲ್ಲಿ ಸಿಕ್ಕಿಕೊಂಡನು. ಯಾರೋ ಅವನನ್ನು ಗುರುತಿಸಿ ಹೆಸರು ಕೂಗಿದರು. ಆ ಜನ, ಒಬ್ಬರನ್ನೊಬ್ಬರು ತುಳಿಯುತ್ತಿದ್ದ ಅದೇ ಜನ, ಅವನನ್ನು ತಲೆಯ ಮೇಲೆ ಎತ್ತಿ ಕೈಯಿಂದ ಕೈಗೆ ದಾಟಿಸಿ ಆಚೆ ದಡ ಸೇರಿಸಿದರು. ನಮ್ಮ ವೃತ್ತಿಗೆ ಇದಕ್ಕಿಂತ ದೊಡ್ಡ ಪದಕ ದೊರೆತದ್ದನ್ನು ನಾವು ಬೇರೆಲ್ಲಿಯೂ ಓದಿಲ್ಲ.

ಫ್ರೆಂಚ್ ಭಾಷೆಯಲ್ಲಿ ಇಂದಿಗೂ ಸರ್ವನಾಶಕ್ಕೆ ‘ಬೆರೆಜಿನಾ’ ಎನ್ನುತ್ತಾರೆ. ಆದರೆ ಯುದ್ಧಶಾಸ್ತ್ರ ಬಲ್ಲವರು, ಮೂರು ಸೇನೆಗಳ ನಡುವೆ ಸಿಕ್ಕಿಬಿದ್ದವರು ಹೀಗೆ ಪಾರಾದದ್ದು ಅಪೂರ್ವವೆನ್ನುತ್ತಾರೆ. ಎರಡೂ ನಿಜ. ನೆಪೋಲಿಯನ್ ಡಿಸೆಂಬರ್ 5ರಂದು ಸೇನೆಯನ್ನು ಬಿಟ್ಟು ಪ್ಯಾರಿಸ್ಸಿಗೆ ಹೊರಟನು. ಅದಕ್ಕೆ ಮುನ್ನ ಹೊರಡಿಸಿದ ಪ್ರಕಟಣೆಯ ಕೊನೆಯಲ್ಲಿ ಚಕ್ರವರ್ತಿಯ ಆರೋಗ್ಯ ಅತ್ಯುತ್ತಮವಾಗಿದೆಯೆಂದು ತಿಳಿಸಿದ್ದನು. ಎಬ್ಲೆ ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಕೋನಿಗ್ಸ್‌ಬರ್ಗ್‌ನಲ್ಲಿ ಬಳಲಿಕೆಯಿಂದ ತೀರಿಕೊಂಡನು. ನೀರಿಗಿಳಿದ ಅವನ ನಾನೂರು ಜನರಲ್ಲಿ ಹೆಚ್ಚಿನವರು ಮನೆ ಕಾಣಲಿಲ್ಲ.

ವೈದ್ಯರ ಕೆಲಸವೂ ಕಟ್ಟಕಡೆಗೆ ಹಿಮ್ಮೆಟ್ಟುವ ಸೇನೆಯ ಕಾಳಗವೇ. ಮೃತ್ಯುವನ್ನು ನಾವಾರೂ ಗೆದ್ದಿಲ್ಲ. ಒಂದಷ್ಟು ಹೊತ್ತು ಸೇತುವೆಯನ್ನು ಕಾಯುತ್ತೇವೆ, ಅಷ್ಟೆ. ಆದರೆ ಕಾಯುವುದಷ್ಟೇ ಸಾಲದೆಂದು ಬೆರೆಜಿನಾ ನಮಗೆ ಕಲಿಸಿತು. ಸೇತುವೆ ತೆರೆದಿದೆ, ಬರಬೇಕಾದವರು ಬರಲಿ, ಎನ್ನುವುದು ಸುಲಭ. ಏಳಲಾರದವರ ಬಳಿಗೆ ಹೋಗುವುದೇ ಕಷ್ಟ.

ಕೊನೆಗೆ, ಹೋಳಿಗೆಯ ತಂಟೆಗೆ ಹೋಗುವುದಿಲ್ಲವೆಂದ ವೈದ್ಯರು ಒಂದೇ ಒಂದು ಸಲಹೆ ಕೊಡಲು ಅಪ್ಪಣೆಯಾಗಲಿ. ಊರಿನಿಂದ ಬಂದು ನಮ್ಮ ಮನೆಗಳಲ್ಲಿ ಚಳಿಗಾಲ ಕಳೆಯುವ ತಂದೆತಾಯಿಗಳು, ಅತ್ತೆಮಾವಂದಿರು ನಮಗೆ ಹೊರೆಯಾಗಬಾರದೆಂದು ಎಲ್ಲಕ್ಕೂ “ನನಗೇನೂ ಆಗಿಲ್ಲ” ಎನ್ನುತ್ತಾರೆ. ವಯಸ್ಸಾದವರಿಗೆ ಮನೆಯೊಳಗಿನ ಚಳಿಯೂ ಸಾಕು. ಮಾತು ತೊದಲಿದರೆ, ತೂಕಡಿಕೆ ಹೆಚ್ಚಿದರೆ, ನಡುಗುತ್ತಿದ್ದವರು ನಡುಗುವುದನ್ನು ನಿಲ್ಲಿಸಿದರೆ ಆ ಮಾತನ್ನು ನಂಬಬೇಡಿ. ಹೊಟ್ಟೆಯ ಮೇಲೆ ಅಂಗೈಯಿಟ್ಟು ನೋಡಿ. ತಣ್ಣಗಿದ್ದರೆ ಒದ್ದೆ ಬಟ್ಟೆ ತೆಗೆದು, ಕಂಬಳಿ ಹೊದಿಸಿ, ಕೂಡಲೇ ಆಂಬ್ಯುಲೆನ್ಸ್ ಕರೆಸಿ. ಚಳಿಗಷ್ಟೇ ಅಲ್ಲ, ಈ ದೂರದ ನಾಡಿನಲ್ಲಿ ಒಂಟಿತನಕ್ಕೆ ಮರಗಟ್ಟಿ ಮೂಲೆಯಲ್ಲಿ ಕುಳಿತವರಿಗೂ ಇದೇ ಮಾತು ಸಲ್ಲುತ್ತದೆ. ಅವರನ್ನು ದೂರದಿಂದ ಕೂಗಿ ಕರೆಯಬೇಡಿ. ಎದ್ದು ಹೋಗಿ ಕೈಹಿಡಿಯಿರಿ.